ನೀರಿಳಿಯದ ಹಿಡಿ

ಮೊದಲು ಕೂಗು, ಆಮೇಲೆ ಗಾಜು ಒಡೆದ ಸದ್ದು. ಎರಡರ ನಡುವೆ, ಒಬ್ಬ ಮನುಷ್ಯ ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ನಡೆದು ಹೋಗುವಷ್ಟು ಮೌನ.

ಇದನ್ನು ಸಾಣೆಯಕ್ಕ ಕಂಡಕಂಡವರಿಗೆಲ್ಲ ಹೇಳಿದಳು. ಬೀದಿಯವರು ತಲೆಯಾಡಿಸಿದರೇ ಹೊರತು ಯಾರೂ ಹೌದು ಎನ್ನಲಿಲ್ಲ. ಅವರಿಗೆ ಎರಡೂ ಒಟ್ಟಿಗೇ ಕೇಳಿಸಿದ್ದವು. ಕೆಲವರಿಗೆ ಗಾಜೇ ಮೊದಲು.

"ನಿನ್ನ ಸಾಣೆ ತಿರುಗ್ತಿತ್ತಲ್ಲೇ, ನಿನಗೆ ಹೇಗೆ ಕೇಳಿಸ್ತು?" ಎಂದು ಎದುರುಮನೆಯ ಬುಟ್ಟಿ ಅಜ್ಜಿ ಕೇಳಿದಳು. ಅಜ್ಜಿಗೆ ಕಿವಿ ಮಂದ. ಜಗಲಿಯಲ್ಲಿ ಕೂತು ಬೆತ್ತದ ಬುಟ್ಟಿ ಹೆಣೆಯುತ್ತ ಬೀದಿಯ ಸುದ್ದಿಯನ್ನೆಲ್ಲ ಕಣ್ಣಿನಲ್ಲೇ ಕೇಳಿಸಿಕೊಳ್ಳುವವಳು.

"ಇಷ್ಟು ವರ್ಷ ಆ ಸದ್ದಿನ ಕೆಳಗೇ ಬಿದ್ದಿದ್ದೀನಿ ಅಜ್ಜಿ. ನನಗದು ಸದ್ದೇ ಅಲ್ಲ."

ಅವಳು ಚಾಕು ಮಾಡುವವಳು. ಬಾಗಿಲ ಪಕ್ಕದಲ್ಲೇ ಕಾಲಿನಿಂದ ತುಳಿದು ತಿರುಗಿಸುವ ಸಾಣೆಕಲ್ಲು, ಅದರ ಕೆಳಗೆ ಬೂದುಬಣ್ಣದ ನೀರಿನ ತೊಟ್ಟಿ, ಹಿಂದೆ ಕುಲುಮೆ, ಕಾದ ಅಲಗು ಬಡಿಯುವ ಕಬ್ಬಿಣದ ಅಡಿಗಲ್ಲು. ಗೋಡೆಯ ಉದ್ದಕ್ಕೂ ಒಂದು ಹಲಗೆ. ಹಲಗೆಯ ಮೇಲೆ ಸಾಲಾಗಿ ಒಣಗಿದ ಜೇಡಿಮಣ್ಣಿನ ಮುದ್ದೆಗಳು. ಹೊಸಬರು ಒಳಗೆ ಬಂದರೆ ಮೊದಲು ಅವನ್ನೇ ನೋಡುತ್ತಿದ್ದರು, ಏನೆಂದು ತಿಳಿದ ಮೇಲೆ ಸ್ವಲ್ಪ ಹಿಂದೆ ಸರಿಯುತ್ತಿದ್ದರು. ಅವು ಊರಿನವರ ಮುಷ್ಟಿಗಳು. ಚಾಕು ಬೇಕೆಂದು ಬಂದವರ ಕೈಗೆ ಅವಳು ಹಸಿ ಮಣ್ಣು ಕೊಡುತ್ತಿದ್ದಳು. "ಹಿಡ್ಕೊಳ್ಳಿ. ಅಲಗು ಇದೆ ಅಂದ್ಕೊಂಡು ಹಿಡ್ಕೊಳ್ಳಿ." ಬೆರಳಿನ ಅಚ್ಚು ಬಿದ್ದ ಆ ಮುದ್ದೆಯನ್ನು ನೋಡಿಕೊಂಡು ಮರದ ಹಿಡಿ ಕೆತ್ತುತ್ತಿದ್ದಳು. ಅಡುಗೆಭಟ್ಟನ ಹಿಡಿತ, ಚಪ್ಪಲಿ ಹೊಲಿಯುವವನ ಹಿಡಿತ, ಹೂ ಕತ್ತರಿಸುವವಳ ಹಿಡಿತ. ಮುಖ ಮರೆತರೂ ಮುಷ್ಟಿ ಮರೆಯುತ್ತಿರಲಿಲ್ಲ.

ಒಮ್ಮೆ ಒಬ್ಬ ಬಂದು, ಬೆರಳ ಸಂದಿಯಿಂದ ಮಣ್ಣು ಹಿಂಡಿ ಹೊರಬರುವ ಹಾಗೆ ಅದುಮಿದ್ದ. ಸಾಣೆಯಕ್ಕ ಆ ಮಣ್ಣನ್ನು ಅವನ ಕೈಯಿಂದ ಕಿತ್ತುಕೊಂಡು ತೊಟ್ಟಿಗೆ ಎಸೆದಳು. "ನಿನಗೆ ಚಾಕು ಬೇಡಪ್ಪ. ಚಮಚ ತಗೋ, ಹೋಗು." ಅವನು ಬೈದ, ಬಾಗಿಲಿಗೆ ಒದ್ದ. ಅವಳು ಅಷ್ಟರಲ್ಲಾಗಲೇ ಸಾಣೆ ತುಳಿಯತೊಡಗಿದ್ದಳು. ಬೈಗುಳ ಕಲ್ಲಿನ ಸದ್ದಿನಲ್ಲಿ ಮುಳುಗಿಹೋಯಿತು.

ಹಲಗೆಯ ಕೊನೆಯಲ್ಲಿ ಒಂದು ದೊಡ್ಡ ಮುದ್ದೆ ಇತ್ತು. ಉಳಿದವನ್ನೆಲ್ಲ ಒರೆಸುವವಳು ಅದೊಂದರ ಧೂಳನ್ನು ಮುಟ್ಟುತ್ತಿರಲಿಲ್ಲ. ಅದು ಅಪ್ಪನ ಮುಷ್ಟಿ.

ಕೆಲಸ ಕಲಿಸಿದ್ದು ಅಪ್ಪ. ಅಲಗಿನ ಹಿಂದೆ ಒಂದು ಸಣ್ಣ ಬಾಲ ಇರುತ್ತದೆ. ಹಿಡಿಯಲ್ಲಿ ತೂತು ಕೊರೆದು, ಅರಗು ಕರಗಿಸಿ ಸುರಿದು, ಬಾಲವನ್ನು ಕಾಯಿಸಿ ಅದರೊಳಗೆ ಇಳಿಸಬೇಕು. ಕೂದಲೆಳೆಯಷ್ಟು ಸಂದು ಉಳಿದರೂ ನೀರು ಒಳಗಿಳಿಯುತ್ತದೆ, ಬಾಲಕ್ಕೆ ತುಕ್ಕು ಹತ್ತುತ್ತದೆ, ಯಾವುದೋ ಒಂದು ದಿನ ಅಲಗು ಕೈಯಲ್ಲೇ ಕಳಚಿಕೊಳ್ಳುತ್ತದೆ. ಆದ್ದರಿಂದ ಅಪ್ಪ ಹೊಸ ಚಾಕುಗಳನ್ನು ಹಿಡಿ ಕೆಳಗಾಗಿ ನೀಲಿ ಬಣ್ಣದ ನೀರಿನಲ್ಲಿ ಮುಳುಗಿಸಿ ಇಡುತ್ತಿದ್ದ. ಬೆಳಿಗ್ಗೆ ಅದರಲ್ಲೊಂದನ್ನು ಎತ್ತಿಕೊಂಡು ಉಳಿಯಿಂದ ಸೀಳಿ ನೋಡುತ್ತಿದ್ದ. ಒಳಗೆ ನೀಲಿ ಕಂಡರೆ, ಅದನ್ನು ಮಾಡಿದ ಮಗಳ ಬೆನ್ನ ಮೇಲೆ ಆ ಮರದ ಹೋಳು ಮುರಿಯುವ ತನಕ ಬಡಿಯುತ್ತಿದ್ದ. ಸಿಟ್ಟಿನಿಂದಲ್ಲ. ಸಿಟ್ಟು ಬಂದಿದ್ದರೆ ಇಳಿಯುತ್ತಿತ್ತು. ಅವನು ಅದನ್ನು ಕೆಲಸದ ಒಂದು ಭಾಗದ ಹಾಗೆ, ಒಲೆಗೆ ಇದ್ದಿಲು ಹಾಕಿದಷ್ಟೇ ಶಾಂತವಾಗಿ ಮಾಡುತ್ತಿದ್ದ.

ಇಬ್ಬರು ಹೆಣ್ಣುಮಕ್ಕಳು, ಸಾಣೆಯಕ್ಕ ಮತ್ತು ಅವಳ ತಂಗಿ. ತಂಗಿ ಮಾಡಿದ ಹಿಡಿಯಲ್ಲಿ ನೀಲಿ ಕಂಡಾಗಲೆಲ್ಲ ಅಕ್ಕ "ಅದು ನಾನು ಮಾಡಿದ್ದು" ಎಂದು ಮುಂದೆ ಬರುತ್ತಿದ್ದಳು. ಒಂದು ಬೆಳಿಗ್ಗೆ ಅವಳು ಇದ್ದಿಲು ತರಲು ಹೋಗಿದ್ದಳು. ಹಿಂದಿರುಗಿದಾಗ ತಂಗಿ ತೊಟ್ಟಿಯ ಪಕ್ಕ ಕೂತು ಬಲಗೈಯನ್ನು ನೀರಿನಲ್ಲಿ ಅದ್ದಿಕೊಂಡಿದ್ದಳು. ಕಿರುಬೆರಳು ಇರಬಾರದ ದಿಕ್ಕಿನಲ್ಲಿ ಇತ್ತು.

"ಯಾರಾದ್ರೂ ಕೇಳಿದ್ರೆ ಬಿದ್ದೆ ಅನ್ನು," ಎಂದು ಅಕ್ಕ ಹೇಳಿಕೊಟ್ಟಳು. "ಮೆಟ್ಟಿಲಿಂದ ಬಿದ್ದೆ ಅನ್ನು. ಅಳಬೇಡ. ಹೇಳಿ ನೋಡು."

"ಬಿದ್ದೆ."

"ಇನ್ನೂ ಸರಿಯಾಗಿ."

"ಮೆಟ್ಟಿಲಿಂದ ಬಿದ್ದೆ."

ಆಮೇಲಿನ ವರ್ಷಗಳಲ್ಲಿ ಇಬ್ಬರೂ ತುಂಬಾ ಸಲ ಬಿದ್ದರು. ಆ ಮನೆಗೆ ಇದ್ದದ್ದು ಎರಡೇ ಮೆಟ್ಟಿಲು. ಬೀದಿಯಲ್ಲಿ ಯಾರೂ ಎಣಿಸಲಿಲ್ಲ.

ಅಪ್ಪ ಸತ್ತ. ಬೆನ್ನಿನ ಬರೆಗಳು ಮಾಸಿದವು. ಆದರೆ ಹಿಡಿಗೆ ನೀರಿಳಿಯಬಾರದೆಂಬುದು ಮಾತ್ರ ಸಾಣೆಯಕ್ಕನ ಮೈಯಲ್ಲಿ ಉಳಿದುಬಿಟ್ಟಿತು. ಅವಳ ಚಾಕು ಬಾವಿಗೆ ಬಿದ್ದು ಬೇಸಿಗೆಯಲ್ಲಿ ಸಿಕ್ಕರೂ ಹಿಡಿ ಗಟ್ಟಿಯಾಗಿರುತ್ತಿತ್ತು. ಊರಿಗೆ ಗೊತ್ತಿದ್ದ ಅವಳ ಹೆಚ್ಚುಗಾರಿಕೆ ಅದೊಂದೇ. ಅವಳೂ ಬಾಯಿಬಿಟ್ಟು ಜಂಬ ಪಡುತ್ತಿದ್ದದ್ದು ಅದೊಂದಕ್ಕೇ.

ತಂಗಿಯ ಮದುವೆಗೆ ಅವಳು ಕೊಟ್ಟದ್ದೂ ಚಾಕುವೇ. ಅಡುಗೆಮನೆಯ ಸಣ್ಣ ಚಾಕು. ಕಪ್ಪು ಮರದ ಹಿಡಿ, ನೆಟ್ಟಗಾಗದ ಆ ಕಿರುಬೆರಳು ಕೂರಲು ಹಿಡಿಯಲ್ಲೊಂದು ಪುಟ್ಟ ತಗ್ಗು. ತಂಗಿ ಮೊದಲ ಸಲ ಹಿಡಿದಾಗ ಬೆರಳು ತಾನಾಗಿ ಹೋಗಿ ಆ ತಗ್ಗಿನಲ್ಲಿ ಮಲಗಿತು. ಅವಳು ಅಕ್ಕನ ಮುಖ ನೋಡಿದಳು.

ಗಂಡ ಅದೇ ಬೀದಿಯವನು, ಎರಡು ಮನೆ ಆಚೆ. ಚಿತ್ರಗಳಿಗೆ ಚೌಕಟ್ಟು ಕಟ್ಟುವವನು. ಫ್ರೇಮಿನವನು ಎಂದರೇ ಎಲ್ಲರಿಗೂ ಗೊತ್ತು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಗೋಡೆಗೆ ಒರಗಿಸಿದ ಗಾಜಿನ ಹಾಳೆಗಳು, ಮೂಲೆಯಲ್ಲಿ ಮರದ ಪಟ್ಟಿಗಳು, ಅಂಟಿನ ವಾಸನೆ. ಸತ್ತವರ ಪಟ, ಮದುವೆಯ ಪಟ, ಯಾವುದಕ್ಕೂ ಅವನು ಮೂಲೆ ಕೂಡಿಸಿದರೆ ಗೆರೆ ಕಾಣುತ್ತಿರಲಿಲ್ಲ. ಮೆಲುಮಾತಿನವನು, ಉಗುರು ಸ್ವಚ್ಛ. ಬೀದಿಯಲ್ಲಿ ಯಾರನ್ನೂ ಏಕವಚನದಲ್ಲಿ ಕರೆದವನಲ್ಲ.

ಮದುವೆಯಾದ ಮೇಲೆ ತಂಗಿ ಮತ್ತೆ ಬೀಳತೊಡಗಿದಳು.

"ನೋಡಿ ಅತ್ತಿಗೆ, ನಿಮ್ಮ ತಂಗಿ ಗೋಡೆಗೆ ಮೊಳೆ ಹೊಡಿ ಅಂದ್ರೆ ಹಣೆಗೆ ಹೊಡ್ಕೊಂಡಿದ್ದಾಳೆ," ಎಂದು ಅವನೇ ಬಂದು ನಗುತ್ತ ಹೇಳುತ್ತಿದ್ದ. ಹಿಂದೆ ನಿಂತ ತಂಗಿಯೂ ನಗುತ್ತಿದ್ದಳು. ಹಣೆಯ ಮೇಲಿನ ಗಾಯ ಮೊಳೆಯದ್ದಲ್ಲ. ಚೌಕಟ್ಟಿನ ಚೂಪು ಮೂಲೆ ಅದರಲ್ಲಿ ಸ್ಪಷ್ಟವಾಗಿ ಮೂಡಿತ್ತು, ಹಸಿ ಮಣ್ಣಿನಲ್ಲಿ ಬೆರಳು ಮೂಡುವ ಹಾಗೆ. ಸಾಣೆಯಕ್ಕ ಕೇಳಿದಳು, ಬೈದಳು, ಒಮ್ಮೆ ತಂಗಿಯನ್ನೂ ಅವಳ ಪುಟ್ಟ ಮಗಳನ್ನೂ ಕರೆದುಕೊಂಡು ಬಂದು ಮನೆಯಲ್ಲಿಟ್ಟುಕೊಂಡಳು. ಸಂಜೆ ಅವನು ಮೆಟ್ಟಿಲ ಮೇಲೆ ಕೂತು ಎಲ್ಲರ ಎದುರು ಅತ್ತ. ತಂಗಿ ಎದ್ದು ಅವನ ಜೊತೆ ಹೋದಳು.

ಆ ಬೆಳಿಗ್ಗೆ ಕೂಗು ಕೇಳಿದಾಗ ಸಾಣೆಯಕ್ಕ ಕಾಲು ತೆಗೆದು ಓಡಿದಳು. ಗಾಜು ಒಡೆದದ್ದು ಅವಳು ಬೀದಿಗೆ ಇಳಿದ ಮೇಲೆ. ಹಿಂದೆ ಅವಳ ಸಾಣೆ ತುಳಿಯುವವರಿಲ್ಲದೆ ಇನ್ನೂ ತಿರುಗುತ್ತಿತ್ತು.

ತಂಗಿ ಅಡುಗೆಮನೆಯ ಹೊಸ್ತಿಲಲ್ಲಿ ಬಿದ್ದಿದ್ದಳು. ಪಕ್ಕೆಲುಬಿನ ಕೆಳಗಿನಿಂದ ಸೊಂಟದವರೆಗೆ ಬಟ್ಟೆ ಸೀಳಿತ್ತು, ಬಟ್ಟೆಯ ಜೊತೆಗೆ ಅವಳೂ ಸೀಳಿಹೋಗಿದ್ದಳು. ಎಡಗೈ ತೋಳಿನಲ್ಲಿ ಇನ್ನೆರಡು ಬಾಯಿ ತೆರೆದ ಗಾಯ. ಅಡ್ಡ ಹಿಡಿದ ತೋಳು ಅದು. ಸುತ್ತ ಗಾಜು. ಚೂರುಗಳು ರಕ್ತದ ಮೇಲಿದ್ದವು, ರಕ್ತ ಚೂರುಗಳ ಮೇಲಿರಲಿಲ್ಲ. ಇದನ್ನು ನೋಡಿದ್ದೂ ಸಾಣೆಯಕ್ಕ ಒಬ್ಬಳೇ. ಮುಂದಿನ ಗಳಿಗೆಗೆ ಬೀದಿಯೆಲ್ಲ ಒಳಗಿತ್ತು, ಎಲ್ಲರ ಕಾಲೂ ಅದನ್ನು ತುಳಿದು ಕಲಸಿತ್ತು. ಫ್ರೇಮಿನವನು ಗೋಡೆಗೆ ಒರಗಿ, ಅಂಗೈಗೆ ಬಟ್ಟೆ ಸುತ್ತಿಕೊಂಡು, "ಗಾಜು ಎತ್ತಲು ಹೋಗಿ ಅದರ ಮೇಲೇ ಬಿದ್ಲು, ಹಿಡಿಯೋಕೆ ಹೋದೆ, ನನ್ನ ಕೈಯನ್ನೂ ಕುಯ್ದುಬಿಡ್ತು" ಎಂದು ಅಳುತ್ತಿದ್ದ.

ಸಾಣೆಯಕ್ಕ ಸೊಂಟಕ್ಕೆ ಕಟ್ಟಿದ ದಪ್ಪ ಬಟ್ಟೆ ಬಿಚ್ಚಿ ಗಾಯದೊಳಗೆ ತುರುಕಿದಳು. ಬಿಸಿ ಅವಳ ಮಣಿಕಟ್ಟಿನವರೆಗೆ ಬಂತು. ಆಸ್ಪತ್ರೆಗೆ ಹೋಗುವ ಗಾಡಿಯಲ್ಲಿ ಅವಳು ಆ ಬಟ್ಟೆಯನ್ನು ಎರಡೂ ಕೈಯಿಂದ ಅದುಮಿ ಹಿಡಿದಿದ್ದಾಗ ತಂಗಿ ಕಣ್ಣು ತೆರೆದಳು.

"ಅಕ್ಕ, ಬಿದ್ದೆ," ಎಂದಳು. ಅದೇ ಹಳೆಯ ದನಿಯಲ್ಲಿ, ಚೆನ್ನಾಗಿ ಹೇಳಿದೆನೋ ಇಲ್ಲವೋ ಎಂದು ಕೇಳುವ ಹಾಗೆ.

ಹೊಲಿಗೆ ಹಾಕಿ ಮುಗಿಸಿದ ಮೇಲೆ, ಜೀವಕ್ಕೆ ಭಯವಿಲ್ಲವೆಂದು ನರ್ಸು ಹೇಳಿದ ಮೇಲೆ, ಬಟ್ಟೆಬರೆ ತರಲು ಸಾಣೆಯಕ್ಕ ಆ ಮನೆಗೆ ಬಂದಳು. ಮನೆಯಲ್ಲಿ ಯಾರೂ ಇರಲಿಲ್ಲ. ಗಾಜನ್ನು ಗುಡಿಸಿ ಮೂಲೆಗೆ ಒಟ್ಟಿದ್ದರು. ಅಡುಗೆಮನೆಯ ಕಟ್ಟೆಯ ಕೆಳಗೆ, ಗೋಡೆ ಮತ್ತು ಡಬ್ಬದ ನಡುವೆ, ತಾನು ಮದುವೆಗೆ ಕೊಟ್ಟ ಚಾಕು ಬಿದ್ದಿತ್ತು. ಅಲಗಿನ ತುಂಬ ರಕ್ತ ಒಣಗಿ ಕಂದಾಗಿತ್ತು.

ಅವಳು ಅದನ್ನು ಎತ್ತಿಕೊಂಡಳು. ಆಮೇಲೆ ಏನಾಯಿತೆಂದು ಅವಳನ್ನು ಕೇಳಿದರೆ, ತನಗೆ ಗೊತ್ತಿಲ್ಲ ಎನ್ನುತ್ತಾಳೆ. ಕೈಗಳಿಗೆ ಗೊತ್ತು. ಕೈ ನಲ್ಲಿ ತಿರುಗಿಸಿತು. ಕೈ ಅಲಗನ್ನು ನೀರಿಗೆ ಹಿಡಿಯಿತು, ಒಲೆಯ ಬೂದಿ ತೆಗೆದು ಉಜ್ಜಿತು, ಒರೆಸಿತು, ಎಣ್ಣೆಯ ಬಟ್ಟೆ ಹುಡುಕಿ ತುದಿಯಿಂದ ಬುಡಕ್ಕೆ ಸವರಿತು. ಮೊಂಡಾದ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿತು. ಕಬ್ಬಿಣ ಕೊಳೆಯಾಗಿ ಸಿಕ್ಕರೆ ಬುದ್ಧಿ ಬಂದಾಗಿನಿಂದ ಅವಳ ಕೈ ಮಾಡುತ್ತ ಬಂದದ್ದು ಅದನ್ನೇ. ಚಾಕು ಹೊಳೆಯತೊಡಗಿದ ಮೇಲೆ ಅವಳು ನಲ್ಲಿಯ ಕೆಳಗಿನ ತೊಟ್ಟಿಯ ಕಡೆ ನೋಡಿದಳು. ಕೆಂಪು ನೀರಿನ ಕೊನೆಯ ಸುಳಿ ತೂತಿನೊಳಗೆ ಇಳಿಯುತ್ತಿತ್ತು. ಅವಳು ಓಡಿ ಅಂಗೈಯಿಂದ ಆ ತೂತು ಮುಚ್ಚಿದಳು.

ಅಂಗೈ ಎತ್ತಿದಾಗ ಅದರಲ್ಲಿ ಬರೀ ನೀರಿತ್ತು.

ಆಸ್ಪತ್ರೆಯಲ್ಲಿ ಫ್ರೇಮಿನವನು ಹಣ್ಣು ತಂದು ಹೆಂಡತಿಯ ತಲೆದೆಸೆಯಲ್ಲಿ ಕೂತಿರುತ್ತಿದ್ದ. ಗಾಯದ ಕೈಯಿಂದಲೇ ಅವಳಿಗೆ ನೀರು ಕುಡಿಸುತ್ತಿದ್ದ. ವಾರ್ಡಿನ ಹೆಂಗಸರು ಪುಣ್ಯವಂತೆ ಎಂದು ಮಾತಾಡಿಕೊಂಡರು.

"ಮಗುನ ನನ್ನ ಹತ್ರ ಬಿಡು, ಇವಳು ಏಳೋ ತನಕ," ಎಂದಳು ಸಾಣೆಯಕ್ಕ.

"ಪುಟ್ಟಿ ನನ್ನ ಬಿಟ್ಟು ಊಟಾನೇ ಮಾಡಲ್ಲ ಅತ್ತಿಗೆ," ಎಂದ ಅವನು. ಆಮೇಲೆ ಹೆಂಡತಿಯ ಕಡೆ ತಿರುಗಿ, ಹೊದಿಕೆ ಸರಿಮಾಡುತ್ತ, "ಆದ್ರೆ ನೋಡು, ಮನೆ ತುಂಬ ಗಾಜು. ಮಗು ಓಡಾಡುತ್ತೆ. ಯಾವಾಗ ಏನಾಗುತ್ತೋ ಅಂತ ನನಗಂತೂ ಹೆದರಿಕೆ," ಎಂದ. ಮಾತು ಅಷ್ಟೇ ಮೆತ್ತಗಿತ್ತು. ತಂಗಿ ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟಳು.

ಠಾಣೆಯ ಅಧಿಕಾರಿ ಕೆಟ್ಟವನಲ್ಲ. ಸಾಣೆಯಕ್ಕ ಮೇಜಿನ ಮೇಲಿಟ್ಟ ಚಾಕುವನ್ನು ಎತ್ತಿ ಬೆಳಕಿಗೆ ಹಿಡಿದ.

"ಇದರಲ್ಲಿ ನನ್ನ ಮೀಸೆ ಕಾಣುತ್ತಲ್ಲಮ್ಮ."

"ನಾನೇ ತೊಳೆದೆ ಸಾರ್."

"ನೀವೇ ತೊಳೆದು, ನೀವೇ ತಂದ್ರಿ." ಅವನು ಚಾಕು ಕೆಳಗಿಟ್ಟ. "ನೋಡಿ, ನನಗೂ ಕಣ್ಣಿದೆ. ಡಾಕ್ಟ್ರಿಗೂ ಅನುಮಾನ ಇದೆ. ಆದ್ರೆ ಗಂಡ ಗಾಜು ಅಂತಾನೆ, ಬೀದಿ ಗಾಜು ಅನ್ನುತ್ತೆ, ಕುಯ್ಸ್ಕೊಂಡವಳೇ ಗಾಜು ಅಂತಾಳೆ. ನೀವೊಬ್ರೇ ಚಾಕು ಅಂತೀರ. ಚಾಕು ನೋಡಿದ್ರೆ ಈಗಷ್ಟೇ ಹುಟ್ಟಿದ ಹಾಗಿದೆ. ನಾಳೆ ಅವಳನ್ನ ಮನೆಗೆ ಕಳಿಸ್ತಾರೆ. ಅಷ್ಟರೊಳಗೆ ನಾನು ಯಾವುದರ ಮೇಲೆ ಅವನನ್ನ ಹಿಡಿದಿಡ್ಲಿ?"

ಸಾಣೆಯಕ್ಕ ಚಾಕುವನ್ನೇ ನೋಡುತ್ತಿದ್ದಳು. "ಹಿಡಿ ಒಳಗೆ ಇಳಿದಿರಬಹುದು ಸಾರ್," ಎಂದಳು. "ಅಲಗು ಸೇರೋ ಕಡೆ. ಸಂದು ಇದ್ರೆ ರಕ್ತ ಒಳಗೆ ಹೋಗಿರುತ್ತೆ. ಅದನ್ನ ತೊಳೆಯೋಕೆ ಆಗಲ್ಲ."

ಅಧಿಕಾರಿ ಗೋಡೆಯ ಗಡಿಯಾರ ನೋಡಿದ. ಇದನ್ನು ಪರೀಕ್ಷೆಗೆ ದೂರದ ಊರಿಗೆ ಕಳಿಸಬೇಕು, ಉತ್ತರ ಬರುವಷ್ಟರಲ್ಲಿ ಅವಳು ಆ ಮನೆ ಸೇರಿ ಎಷ್ಟೋ ದಿನವಾಗಿರುತ್ತದೆ. "ನಡೀರಿ, ನನ್ನ ಕಣ್ಣೆದುರಿಗೇ ಬಿಚ್ಚಿ," ಎಂದ.

ಅವಳ ಅಂಗಡಿಯಲ್ಲಿ ಬುಟ್ಟಿ ಅಜ್ಜಿಯೂ ಬಂದು ನಿಂತಳು. ಸಾಣೆಯಕ್ಕ ಚಾಕುವನ್ನು ಇಕ್ಕಳಕ್ಕೆ ಕಚ್ಚಿಸಿ, ಉಳಿಯನ್ನು ಹಿಡಿಯ ತಲೆಯ ಮೇಲಿಟ್ಟಳು. ಆ ಚಾಕು ಮಾಡಿದ ದಿನ ತನಗೆ ಜ್ವರವಿತ್ತೇ? ಅವಸರವಿತ್ತೇ? ಅರಗು ತಣ್ಣಗಾಗಿತ್ತೇ? ಏನಾದರೊಂದು ಇದ್ದಿರಬೇಕು. ಮದುವೆಯ ಓಡಾಟ, ನಿದ್ದೆಗೆಟ್ಟ ಕಣ್ಣು, ಎಲ್ಲೋ ಒಂದು ಕೂದಲೆಳೆ. ಜೀವಮಾನದಲ್ಲಿ ಮೊದಲ ಸಲ ತನ್ನ ಕೈ ತಪ್ಪಿರಲಿ ಎಂದು ಅವಳು ಬೇಡಿಕೊಂಡಳು. ಅಪ್ಪನ ಎದುರು ನಿಂತು ಎಷ್ಟು ಬೇಡಿಕೊಂಡಿದ್ದಳೋ ಅಷ್ಟೇ, ಅದರ ತಲೆಕೆಳಗಾಗಿ.

ಸುತ್ತಿಗೆ ಬಿತ್ತು. ಹಿಡಿ ಎರಡು ಹೋಳಾಯಿತು.

ಒಳಗೆ ಅರಗು ಕಪ್ಪಗೆ, ಒಣಗಿ, ಅಂದು ಸುರಿದ ಹಾಗೇ ಹೊಳೆಯುತ್ತಿತ್ತು. ಬಾಲದ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಅಧಿಕಾರಿ ಬಗ್ಗಿ ನೋಡಿದ, ಅಜ್ಜಿ ಬಗ್ಗಿ ನೋಡಿದಳು.

"ಥೂ, ನಿನ್ನ ಕೆಲಸಕ್ಕಿಷ್ಟು ಬೆಂಕಿ ಬೀಳ!" ಎಂದಳು ಅಜ್ಜಿ. ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಒಂದು ಸಲನಾದ್ರೂ ಕೆಟ್ಟದಾಗಿ ಮಾಡೋಕೆ ಏನಾಗಿತ್ತೇ ನಿನಗೆ?"

ಸಾಣೆಯಕ್ಕ ಹಲಗೆಯ ಕೊನೆಗೆ ಹೋಗಿ, ಧೂಳು ಹಿಡಿದ ಆ ದೊಡ್ಡ ಮುದ್ದೆಯನ್ನು ತೆಗೆದುಕೊಂಡು ಬಂದು ಅಡಿಗಲ್ಲಿನ ಮೇಲಿಟ್ಟಳು. ಸುತ್ತಿಗೆಯ ಒಂದೇ ಏಟಿಗೆ ಅದು ಪುಡಿಯಾಯಿತು. ಅವಳು ನಿಲ್ಲಿಸಲಿಲ್ಲ. ಪುಡಿಯನ್ನು ಮತ್ತೆ ಹೊಡೆದಳು, ಬರೀ ಕಬ್ಬಿಣದ ಮೇಲೆ ಕಬ್ಬಿಣ ಬೀಳುವ ತನಕ ಹೊಡೆದಳು. ಚೂರೊಂದು ಸಿಡಿದು ಅವಳ ಕೆನ್ನೆ ಗೀರಿತು. ಅಧಿಕಾರಿಯ ತೋಳಿನ ಮೇಲೆಲ್ಲ ಮಣ್ಣಿನ ಧೂಳು.

"ಅದ್ಯಾರದ್ದೇ?" ಅಜ್ಜಿ ಕೇಳಿದಳು.

"ಅಪ್ಪಂದು."

"ಇಷ್ಟು ದಿನ ಇಟ್ಕೊಂಡಿದ್ಯಾ!"

ಆಸ್ಪತ್ರೆಗೆ ಅವಳು ಹಿಡಿಯ ಎರಡು ಹೋಳುಗಳನ್ನು ತೆಗೆದುಕೊಂಡು ಹೋದಳು. ಹೇಳಿಕೆಯನ್ನು ಇನ್ನೊಮ್ಮೆ ಬರೆದುಕೊಳ್ಳಲು ಅಧಿಕಾರಿಯೂ ಒಬ್ಬ ಪೇದೆಯೂ ಜೊತೆಗೆ ಬಂದರು. ಫ್ರೇಮಿನವನು ಇರಲಿಲ್ಲ. ನಾಳೆ ಹೆಂಡತಿ ಬರುತ್ತಾಳೆಂದು ಮನೆ ಓರಣ ಮಾಡಲು ಹೋಗಿದ್ದನಂತೆ. ತಂಗಿ ದಿಂಬಿಗೆ ಒರಗಿ ಕೂತಿದ್ದಳು. ಸಾಣೆಯಕ್ಕ ಹೋಳುಗಳನ್ನು ಹೊದಿಕೆಯ ಮೇಲಿಟ್ಟಳು. ತಂಗಿಯ ಸೊಟ್ಟ ಬೆರಳು ತಾನಾಗಿ ಹೋಗಿ ಆ ತಗ್ಗನ್ನು ಹುಡುಕಿಕೊಂಡಿತು.

"ಒಳಗೆ ಏನೂ ಇಲ್ಲ ಕಣೇ. ಒಂದು ಹನಿನೂ ಇಳಿದಿಲ್ಲ."

"ನೀನು ಮಾಡಿದ್ದಲ್ವಾ," ಎಂದಳು ತಂಗಿ. ಅಷ್ಟರಲ್ಲೂ ಆ ದನಿಯಲ್ಲೊಂದು ಹೆಮ್ಮೆಯಿತ್ತು.

ಅದು ಸಾಣೆಯಕ್ಕನಿಗೆ ತಡೆಯಲಾಗಲಿಲ್ಲ. ಅವಳು ಅಧಿಕಾರಿಯ ಕಡೆ ತಿರುಗಿದಳು. ಕುಲುಮೆಯ ಮುಂದೆ ಮಾತಾಡಿ ಅಭ್ಯಾಸವಾದ ದನಿ ಅದು, ವಾರ್ಡಿನ ಆ ಕೊನೆಯ ಹಾಸಿಗೆಗೂ ಕೇಳಿಸಿತು.

"ಸಾರ್, ನಮ್ಮ ಮನೆಗೆ ಇರೋದು ಎರಡೇ ಮೆಟ್ಟಿಲು. ಅದರಿಂದ ಬಿದ್ದು ಯಾರ ಬೆರಳೂ ಮುರಿಯಲ್ಲ. ಇವಳ ಬೆರಳು ಮುರಿದದ್ದು ನಮ್ಮಪ್ಪ. ನನ್ನ ಬೆನ್ನಿಗೆ ಹೊಡೆದದ್ದೂ ನಮ್ಮಪ್ಪ. ಬಿದ್ದೆ ಅನ್ನು ಅಂತ ಇವಳಿಗೆ ಹೇಳಿಕೊಟ್ಟವಳು ನಾನು, ಸರಿಯಾಗಿ ಹೇಳೋ ತನಕ ಬಿಡಲಿಲ್ಲ. ನಾವು ಯಾವತ್ತೂ ಬಿದ್ದಿಲ್ಲ ಸಾರ್. ಒಂದು ಸಲನೂ ಬಿದ್ದಿಲ್ಲ."

ಯಾರೋ ಕೆಮ್ಮಿದರು. ಪಕ್ಕದ ಹಾಸಿಗೆಯ ಹೆಂಗಸು ಹಣ್ಣು ತಿನ್ನುತ್ತಿದ್ದವಳು ಹಾಗೇ ನಿಲ್ಲಿಸಿದಳು. ತಂಗಿ ಹೋಳನ್ನು ಬೆರಳು ಬೆಳ್ಳಗಾಗುವಷ್ಟು ಅದುಮಿ ಹಿಡಿದಿದ್ದಳು.

"ಪುಟ್ಟಿ ಅವರ ಹತ್ರ ಇದ್ದಾಳೆ ಅಕ್ಕ."

"ನಾನು ತರ್ತೀನಿ."

"ಕೊಡಲ್ಲ ಅಂದ್ರೆ?"

"ತರ್ತೀನಿ ಅಂದ್ನಲ್ಲ."

ತಂಗಿ ಕಣ್ಣು ಮುಚ್ಚಿದಳು. "ಚಾಕು ಸಾರ್," ಎಂದಳು. "ಇದೇ ಚಾಕು. ಮೊದಲು ತೋಳಿಗೆ, ಆಮೇಲೆ ಹೊಟ್ಟೆಗೆ. ಹಿಡಿ ಅವರ ಕೈಗೆ ಕೂರ್ತಿರಲಿಲ್ಲ, ಜಾರಿ ಅವರ ಅಂಗೈನೂ ಕುಯ್ತು. ನಾನು ಕೂಗ್ದೆ. ಅವರು ಆ ಮೂಲೆಗೆ ನಡೆದು ಹೋದ್ರು. ದೊಡ್ಡ ಗಾಜು ಎತ್ಕೊಂಡು ಬಂದು ನನ್ನ ಮೇಲೆ ಬಿಟ್ರು. ಬಿಡೋವಾಗ ಹುಷಾರಾಗಿ ಬಿಟ್ರು, ತಮ್ಮ ಕಾಲಿಗೆ ತಾಗದ ಹಾಗೆ."

ಅಧಿಕಾರಿ ಬರೆದುಕೊಂಡ. ಪೇದೆಗೆ ಗಾಡಿ ತರಲು ಹೇಳಿದ. ಆಮೇಲೆ ಬಾಗಿಲ ಕಡೆ ಹೊರಟಿದ್ದ ಸಾಣೆಯಕ್ಕನನ್ನು ಕರೆದ. "ನಿಲ್ಲಿ ಅಮ್ಮ, ಇವನೂ ನಿಮ್ಮ ಜೊತೆ ಬರ್ತಾನೆ. ಅದಕ್ಕೂ ಮೊದಲು ಒಂದು ಮಾತು ಹೇಳಿ, ನಾಳೆ ಎಲ್ಲರೂ ಕೇಳೋದು ಅದನ್ನೇ. ಯಾಕೆ ತೊಳೆದ್ರಿ?"

ಸಾಣೆಯಕ್ಕ ಬಾಗಿಲಲ್ಲಿ ಅರ್ಧ ತಿರುಗಿದಳು. ಕೆನ್ನೆಯ ಗೀರಿನಲ್ಲಿ ರಕ್ತ ಒಣಗಿತ್ತು, ಅದನ್ನು ಒರೆಸಿಕೊಳ್ಳಲು ಅವಳಿಗೆ ನೆನಪಾಗಿರಲಿಲ್ಲ.

"ರಕ್ತ ಉಪ್ಪು ಸಾರ್. ಹಾಗೇ ಬಿಟ್ರೆ ಬೆಳಗಾಗೋಷ್ಟರಲ್ಲಿ ಅಲಗನ್ನ ತಿನ್ನುತ್ತೆ. ಒಂದ್ಸಲ ಚುಕ್ಕೆ ಬಿತ್ತು ಅಂದ್ರೆ ಮುಗೀತು, ಆಮೇಲೆ ನೀವು ಎಷ್ಟೇ ಉಜ್ಜಿ, ಏನೇ ಮಾಡಿ, ಅದು..." ಎನ್ನುತ್ತಲೇ, ಪೇದೆ ಕುರ್ಚಿಯ ಕೆಳಗೆ ಬಿದ್ದಿದ್ದ ಟೋಪಿಗೆ ಬಗ್ಗುವಷ್ಟರಲ್ಲಿ, ಅವಳು ಆಸ್ಪತ್ರೆಯ ಮೆಟ್ಟಿಲಿಳಿದು ಪುಟ್ಟಿಯಿದ್ದ ಮನೆಯ ಕಡೆ ನಡೆಯತೊಡಗಿದ್ದಳು.